ನಾಲಿಗೆಗೂ ಒಂದಿಷ್ಟು ಹೂವು



ಕಲಬುರಗಿಯಲ್ಲಿ ಹೂವಿಗೆ ನಸುಕಿನಿಂದಲೇ ಕೆಲಸ. ಶರಣಬಸವೇಶ್ವರರ ಗುಡಿಯ ಮುಂದೆ ಮಲ್ಲಿಗೆ, ಸೇವಂತಿಗೆ, ಚೆಂಡುಹೂವಿನ ಹಾರಗಳು ತೂಗುತ್ತವೆ. ಖ್ವಾಜಾ ಬಂದೇನವಾಜರ ದರ್ಗಾದ ದಾರಿಯಲ್ಲಿ ಬುಟ್ಟಿ ತುಂಬ ಗುಲಾಬಿ ಎಸಳು ಇರುತ್ತವೆ. ದೇವರಿಗೆ ಹೂವು, ಮುಡಿಗೆ ಹೂವು, ಮದುವೆಗೆ ಹೂವು, ಮಣ್ಣಿಗೆ ಹೋಗುವಾಗಲೂ ಹೂವು. ಇಷ್ಟೆಲ್ಲ ಕಡೆ ಹೂವನ್ನು ಕರೆಯುವ ನಾವು ಅಡುಗೆಮನೆಗೆ ಮಾತ್ರ ಅದನ್ನು ಅಪರೂಪಕ್ಕೆ ಕರೆಯುತ್ತೇವೆ. ಹೂವಿನ ಪರಿಮಳವನ್ನು ಸಿಹಿಯೊಳಗೆ ಹೇಗೆ ತರಬೇಕು, ಯಾವ ಹೂವು ತರಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಇಂದಿನ ನನ್ನ ಮಾತಿನ ವಿಷಯ. ದೇವರ ಜಗಲಿಗೆ ಒಂದು ಗಿಡ ಬೆಳೆಸುವ ಮನೆಯಲ್ಲಿ ತಿನ್ನುವುದಕ್ಕೆಂದೇ ಇನ್ನೊಂದು ಹೂಗಿಡ ಇರಲಿ ಎಂಬುದು ನನ್ನ ಆಸೆ.

ಹೂವನ್ನು ತಿನ್ನುವುದೇ ಎಂದು ಕೆಲವರು ಹುಬ್ಬೇರಿಸಬಹುದು. ನಾವು ದಿನವೂ ತಿನ್ನುತ್ತಿದ್ದೇವೆ. ಸಜ್ಜಕಕ್ಕೆ ಹಾಕುವ ಲವಂಗ ಅರಳುವ ಮೊದಲೇ ಕಿತ್ತು ಒಣಗಿಸಿದ ಹೂವಿನ ಮೊಗ್ಗು. ಒಂದು ಲವಂಗವನ್ನು ಅಂಗೈ ಮೇಲಿಟ್ಟು ನೋಡಿ: ತುದಿಯಲ್ಲಿ ಗುಂಡಗೆ ಮುಚ್ಚಿಕೊಂಡ ಎಸಳುಗಳು, ಅದರ ಸುತ್ತ ನಾಲ್ಕು ಮೂಲೆಯ ಪುಷ್ಪಪಾತ್ರೆ. ಹಬ್ಬದ ಪಾಯಸಕ್ಕೆ ಹಾಕುವ ಕೇಸರಿಯೂ ಹೂವಿನದೇ ಭಾಗ. ನೇರಳೆ ಬಣ್ಣದ ಹೂವೊಂದರ ನಡುವೆ ಇರುವ ಮೂರು ಕೆಂಪು ಎಳೆಗಳು ಅವು. ಅಷ್ಟೇಕೆ, ನಮ್ಮ ಸೀಮೆಯಲ್ಲಿ ವರ್ಷ ಆರಂಭವಾಗುವುದೇ ಹೂವು ಹಾಕಿದ ಸಿಹಿಯಿಂದ. ಅದು ಯುಗಾದಿಯ ಬೇವು.

ಮೈಸೂರು ಕಡೆಯವರಿಗೆ ಬೇವು ಬೆಲ್ಲವೆಂದರೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮುದ್ದೆ. ನಮ್ಮಲ್ಲಿ ಬೇವೆಂದರೆ ಲೋಟ ತುಂಬ ಕುಡಿಯುವ ಪಾನಕ. ಹೊಸ ಗಡಿಗೆಯಲ್ಲಿ ಹುಣಸೆಹಣ್ಣಿನ ತಿಳಿ, ಅದರಲ್ಲಿ ಕರಗಿಸಿದ ಬೆಲ್ಲ, ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಒಣಕೊಬ್ಬರಿ ತುರಿ, ಗಸಗಸೆ, ಉತ್ತತ್ತಿ, ದ್ರಾಕ್ಷಿ, ಗೋಡಂಬಿ, ಬಾಳೆಹಣ್ಣಿನ ಹೋಳು. ಎಲ್ಲ ಸೇರಿದ ಮೇಲೆ ಕಟ್ಟಕಡೆಗೆ ಬೇವಿನ ಹೂವು. ಬೆಳಗಿನಲ್ಲಿ ಮರದಿಂದ ಹೂಗೊಂಚಲನ್ನು ಕಿತ್ತು ತಂದು, ಬಿಳಿ ಬಟ್ಟೆಯ ಮೇಲೆ ಹರವಿ ಮೆಲ್ಲಗೆ ಕೊಡವಿದರೆ ಇರುವೆಗಳು ದೂರ ಹೋಗುತ್ತವೆ, ಅರಳಿದ ಹೂವುಗಳು ಉದುರುತ್ತವೆ. ದೇಟನ್ನು, ಬಲಿಯದ ಮೊಗ್ಗನ್ನು ಬಿಟ್ಟು ಆ ಹೂವುಗಳನ್ನಷ್ಟೇ ಹಾಕಬೇಕು. ಮೂಗಿನ ಹತ್ತಿರ ತಂದರೆ ಬೇವಿನ ಹೂವಿಗೆ ಜೇನಿನ ಕಂಪು. ನಾಲಿಗೆಗೆ ತಾಗಿದಾಗ ಕಹಿ. ಕಹಿಗಿಂತ ಮೊದಲು ಕಂಪು ಸಿಗುವ ಹಾಗೆ ಅದನ್ನು ಹದವಾಗಿ ಹಾಕುವುದೇ ಬೇವು ಮಾಡುವವರ ಕೈಗುಣ. ನೆರೆಮನೆಗೆ ತಂಬಿಗೆ ತುಂಬಿ ಕಳಿಸುವ, ಅವರ ಮನೆಯ ಬೇವು ನಮ್ಮ ಮನೆಗೆ ಬರುವ ಪದ್ಧತಿ ಈಗಲೂ ಓಣಿಗಳಲ್ಲಿ ಉಳಿದಿದೆ.

ಬೇವಿನಲ್ಲಿ ಹೂವಿನ ಅಡುಗೆಯ ಮುಖ್ಯ ಸೂತ್ರವೊಂದು ಅಡಗಿದೆ. ಅದನ್ನು ನಮ್ಮ ಓಣಿಯ ಹಿರಿಯಾಕಿಯೊಬ್ಬರು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಹೂವ ಕಡೀಗಿ ಹಾಕಬೇಕವ್ವ, ಮೊದಲೇ ಹಾಕಿದ್ರ ವಾಸ್ನಿ ಎಲ್ಲಾ ಗಾಳಿಗಿ ಹೋಗ್ತದ." ಹೂವಿನ ಪರಿಮಳವೆಂದರೆ ಗಾಳಿಗೆ ಹಾರಿ ಹೋಗುವ ಎಣ್ಣೆಯ ಅಂಶ. ಸ್ವಲ್ಪ ಬಿಸಿ ಹೆಚ್ಚಾದರೂ ಅದು ಪಾತ್ರೆ ಬಿಟ್ಟು ಹೋಗುತ್ತದೆ. ಅಡುಗೆ ಮಾಡುವಾಗ ಮನೆ ತುಂಬ ಗುಲಾಬಿ ಘಮಘಮಿಸಿತೆಂದರೆ ಸಂತೋಷಪಡಬೇಡಿ. ಬಟ್ಟಲಿಗೆ ಬರಬೇಕಾದ ಗುಲಾಬಿ ಅಷ್ಟು ಕಡಿಮೆಯಾಯಿತು ಎಂದೇ ಅರ್ಥ.

ಹೂವನ್ನು ಅಡುಗೆಗೆ, ನೀರಿಗೆ ಬಳಸುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದಿಗೆ ಹೋಗಿ, ಅಲ್ಲಿಂದ ಎಡಕ್ಕೆ ಹೊರಳಿದರೆ ಬಸವಕಲ್ಯಾಣ ಸಿಗುತ್ತದೆ. ಅದೇ ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ. ಅದರಲ್ಲಿ ಊಟಕ್ಕೆ ಒಂದು ಭಾಗವಾದರೆ ಕುಡಿಯುವ ನೀರಿಗೇ ಇನ್ನೊಂದು ಭಾಗ. ಪಾದರಿ, ನೈದಿಲೆ, ಸಂಪಿಗೆಯಂಥ ಹೂವುಗಳಿಂದ ನೀರನ್ನು ಸುವಾಸನೆಗೊಳಿಸುವ ಮಾತು ಅಲ್ಲಿ ಬರುತ್ತದೆ. ಅದಕ್ಕೂ ನೂರು ವರ್ಷ ಮೊದಲು, ಸುಮಾರು 1025ರಲ್ಲಿ, ಚಾಲುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ಬೇಸಾಯ, ಮದ್ದು, ಬಾವಿ ತೋಡುವ ಜಾಗ ಗುರುತಿಸುವುದು ಇವುಗಳ ಜೊತೆಗೆ ಪರಿಮಳದ್ರವ್ಯಕ್ಕೂ ಅಡುಗೆಗೂ ಅದರಲ್ಲಿ ಅಧ್ಯಾಯಗಳಿವೆ. ಜನಸಾಮಾನ್ಯರಿಗೆ ಉಪಕಾರವಾಗಲೆಂದು ಬರೆದ ಪುಸ್ತಕದಲ್ಲಿ ಸುವಾಸನೆಗೂ ಜಾಗ ಕೊಟ್ಟವರ ನೆಲ ನಮ್ಮದು.

ಆಮೇಲೆ ಗುಲಾಬಿಯ ಕಾಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಪರ್ಷಿಯಾದ ಭಾಷೆ, ಉಡುಗೆ, ಕಟ್ಟಡದ ಕಲೆ, ಊಟದ ರುಚಿ ಎಲ್ಲ ಈ ಊರಿಗೆ ಹರಿದುಬಂದವು. ಗುಲಾಬಿಯ ನೀರನ್ನು ಬಟ್ಟಿ ಇಳಿಸಿ ಸಿಹಿಗೆ, ಶರಬತ್ತಿಗೆ ಬಳಸುವುದು ಪರ್ಷಿಯಾದ ಹಳೆಯ ಪದ್ಧತಿ. ಇರಾನಿನ ಕಾಶಾನ್ ಸಮೀಪದ ಕಮ್ಸರ್ ಊರಿನಲ್ಲಿ ಪ್ರತಿ ವರ್ಷ ಮೇ ತಿಂಗಳಿನ ಹೊತ್ತಿಗೆ ಹೂವು ಬಿಡಿಸಿ ಗುಲಾಬಿ ನೀರು ತೆಗೆಯುವುದು ಇಂದಿಗೂ ಊರ ಹಬ್ಬ. 15ನೆಯ ಶತಮಾನದ ಆರಂಭದ ಹೊತ್ತಿಗೆ, ಫಿರೋಜ್ ಶಾಹ್ ಬಹಮನಿಯ ಕಾಲದಲ್ಲಿ, ಸೂಫಿ ಸಂತ ಖ್ವಾಜಾ ಬಂದೇನವಾಜ್ ಗೇಸೂದರಾಜರು ದೆಹಲಿ ಬಿಟ್ಟು ಬಂದು ಇಲ್ಲಿ ನೆಲೆಸಿದರು. 1422ರಲ್ಲಿ ಅವರು ತೀರಿಕೊಂಡರು. ಪ್ರತಿ ವರ್ಷ ಉರುಸಿನಲ್ಲಿ ಗಂಧದ ಮೆರವಣಿಗೆ ಹೊರಡುವುದು ಊರ ನಡುವಿನ ಉದ್ಯಾನ ಮೆಹಬೂಬ್ ಗುಲ್ಶನ್‌ನಿಂದ. ಗಂಧ, ಗುಲಾಬಿ, ಹೂವಿನ ಚಾದರ ಹೊತ್ತು ಜಾತಿ ಮತ ಎಣಿಸದೆ ಜನ ದರ್ಗಾಕ್ಕೆ ನಡೆಯುತ್ತಾರೆ. ಹೋಳಿ ಹುಣ್ಣಿಮೆಯ ನಂತರ ಐದನೆಯ ದಿನ ಅದೇ ಜನ ಶರಣಬಸವೇಶ್ವರರ ತೇರಿಗೆ ಹೂವು, ಉತ್ತತ್ತಿ ಎಸೆಯುತ್ತಾರೆ. ಹೂವಿನ ಸಿಹಿಗೂ ಈ ಊರಿನಲ್ಲಿ ಒಂದೇ ಮನೆಯ ಬಾಗಿಲೆಂಬುದಿಲ್ಲ. ರಮಜಾನಿನ ಶೀರ್ ಖುರ್ಮಾಕ್ಕೆ ಕೇದಗೆಯ ನೀರಾದ ಕೇವಡಾದ ಹನಿ ಬೀಳುವ ಮನೆಯೂ ಇಲ್ಲಿದೆ, ಯುಗಾದಿಯ ಗಡಿಗೆಗೆ ಬೇವಿನ ಹೂವು ಬೀಳುವ ಮನೆಯೂ ಇಲ್ಲಿದೆ.

ಈಗ ಕೈಯಾರೆ ಮಾಡುವ ಮಾತಿಗೆ ಬರೋಣ. ಹೂವಿನ ಸಿಹಿಗಳಿಗೆಲ್ಲ ಬುನಾದಿಯಂತಿರುವುದು ಗುಲ್ಕಂದ. ಇದಕ್ಕೆ ಒಲೆ ಬೇಡ, ಗ್ಯಾಸ್ ಬೇಡ. ಗುಲಾಬಿ ಎಸಳು, ಸಕ್ಕರೆ, ಬಿಸಿಲು ಇದ್ದರೆ ಸಾಕು. ಸಕ್ಕರೆಗೆ ಬೇಕಾದ ಕಬ್ಬು ನಮ್ಮ ಆಳಂದ, ಅಫಜಲಪುರದ ಹೊಲಗಳಲ್ಲೇ ಬೆಳೆಯುತ್ತದೆ. ಬಿಸಿಲಿನ ಬಗ್ಗೆಯಂತೂ ಕಲಬುರಗಿಯವರಿಗೆ ಯಾರೂ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲನ್ನು ನಾವು ಬೈಯುತ್ತಲೇ ಹಪ್ಪಳ, ಸಂಡಿಗೆ, ಶಾವಿಗೆ, ಉಪ್ಪಿನಕಾಯಿ ಎಲ್ಲವನ್ನೂ ಅದರಿಂದಲೇ ಮಾಡಿಸಿಕೊಳ್ಳುತ್ತೇವೆ. ಆ ಸಾಲಿಗೆ ಗುಲ್ಕಂದದ ಬರಣಿಯೂ ಸೇರಲಿ.

ಮೊದಲು ಹೂವಿನ ಆಯ್ಕೆ. ಮದುವೆ ಮಂಟಪಕ್ಕೆ, ಹೂಗುಚ್ಛಕ್ಕೆ ಬರುವ ಉದ್ದ ದೇಟಿನ ಗುಲಾಬಿಗೆ ನೋಟ ಹೆಚ್ಚು, ಪರಿಮಳ ಕಡಿಮೆ; ಎಸಳು ದಪ್ಪ. ಗುಲ್ಕಂದಕ್ಕೆ ಬೇಕಾದದ್ದು ತೆಳು ಎಸಳಿನ, ತಿಳಿಗುಲಾಬಿ ಬಣ್ಣದ ನಾಟಿ ಹೂವು, ಕೆಲವರು ಪನ್ನೀರು ಗುಲಾಬಿ ಎನ್ನುವ ಜಾತಿ. ಸಂಜೆಯ ಹೊತ್ತಿಗೆ ಇದರ ಎಸಳು ತಾನಾಗಿ ಉದುರುತ್ತದೆ, ಹೂದಾನಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಮಾರುಕಟ್ಟೆಗೆ ಅದು ಅಷ್ಟಾಗಿ ಬರುವುದಿಲ್ಲ, ಮನೆಯಲ್ಲೇ ಬೆಳೆಸಬೇಕಾಗುತ್ತದೆ. ಹೂವನ್ನು ಸೂರ್ಯ ಮೇಲೇರುವ ಮುನ್ನ, ಇಬ್ಬನಿ ಆರುವ ಹೊತ್ತಿಗೆ ಬಿಡಿಸಬೇಕು. ಹೊತ್ತೇರಿದ ಹಾಗೆ ಪರಿಮಳದ ಎಣ್ಣೆ ಬಿಸಿಲಿಗೆ ಹಾರಿಹೋಗುತ್ತದೆ. ಬಲ್ಗೇರಿಯಾದ ಕಜಾನ್ಲಕ್‌ನ ಗುಲಾಬಿ ಕಣಿವೆಯಲ್ಲೂ ನಸುಕಿನಲ್ಲೇ ಕೊಯ್ಲು ಆರಂಭಿಸುವುದು ಇದೇ ಕಾರಣಕ್ಕೆ.

ಕಾಲು ಕಿಲೋ ಎಸಳು ತೆಗೆದುಕೊಳ್ಳಿ. ತೊಟ್ಟು, ನಡುವಿನ ಹಳದಿ ಕೇಸರ, ಹಸಿರು ಭಾಗ ಯಾವುದೂ ಇರಬಾರದು; ಅವು ಒಗರು. ನೀರಿನಲ್ಲಿ ಮೆಲ್ಲಗೆ ತೊಳೆದು ಹತ್ತಿಬಟ್ಟೆಯ ಮೇಲೆ ನೆರಳಲ್ಲಿ ಹರವಿ. ನೀರಿನ ಹನಿಯೊಂದೂ ಉಳಿಯಬಾರದು. ಕಲ್ಲುಸಕ್ಕರೆಯ ಪುಡಿ ಎಸಳಿನಷ್ಟೇ ತೂಕ ಇದ್ದರೂ ನಡೆಯುತ್ತದೆ, ವರ್ಷವಿಡೀ ಇಡಬೇಕೆಂದರೆ ಅದರ ಎರಡು ಪಟ್ಟು ಇರಲಿ. ಅಗಲವಾದ ತಾಟಿನಲ್ಲಿ ಎಸಳು ಮತ್ತು ಸಕ್ಕರೆ ಹಾಕಿ ಒಣಗಿದ ಕೈಯಿಂದ ಹಿಚುಕಿ. ನೋಡುತ್ತಿದ್ದಂತೆ ಎಸಳು ಬಾಡುತ್ತದೆ, ಸಕ್ಕರೆ ತೇವಗೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬೆರಳಿಗೆ ಅಂಟು ಹತ್ತುತ್ತದೆ. ಆಗ ಅದನ್ನು ಗಾಜಿನ ಬರಣಿಗೆ ತುಂಬಿ. ಬರಣಿಯ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಮುಚ್ಚಳ ಹಾಕಿ, ಮೇಲೊಂದು ಬಟ್ಟೆ ಕಟ್ಟಿ ಮಾಳಿಗೆಯ ಬಿಸಿಲಿಗಿಡಿ. ಸಂಜೆಗೆ ಒಳಗೆ ತನ್ನಿ. ದಿನ ಬಿಟ್ಟು ದಿನ ಒಣಗಿದ ಕಟ್ಟಿಗೆ ಚಮಚದಿಂದ ತಳ ಮೇಲೆ ಮಾಡಿ. ಮೂರು ನಾಲ್ಕು ವಾರದಲ್ಲಿ ಎಸಳು ಕರಗಿ, ದಪ್ಪ ಪಾಕವಾಗಿ, ಬಾಯಿಗಿಟ್ಟರೆ ಎಳೆ ಸಿಗದಷ್ಟು ಮೆತ್ತಗಾಗುತ್ತದೆ. ಆಮೇಲೆ ಏಲಕ್ಕಿ ಪುಡಿ, ಬೇಕಿದ್ದರೆ ಚಿಟಿಕೆ ಬಡೇಸೋಪು ಪುಡಿ ಬೆರೆಸಿ.

ಒಲೆಯಿಲ್ಲದೆ ಇದು ಕೆಡದೆ ಹೇಗೆ ಉಳಿಯುತ್ತದೆ? ಸಕ್ಕರೆ ಎಸಳಿನೊಳಗಿನ ನೀರನ್ನೆಲ್ಲ ಹೊರಗೆಳೆದು ತಾನು ಅದರಲ್ಲಿ ಕರಗುತ್ತದೆ. ಅಷ್ಟು ಗಟ್ಟಿ ಸಕ್ಕರೆಯ ಪಾಕದಲ್ಲಿ ಬೂಸ್ಟಿಗಾಗಲಿ, ಕೊಳೆಸುವ ಸೂಕ್ಷ್ಮಜೀವಿಗಳಿಗಾಗಲಿ ಬದುಕಲು ಬೇಕಾದ ನೀರು ಸಿಗುವುದಿಲ್ಲ. ಬಿಸಿಲು ಹಿತವಾಗಿ ಕಾಯಿಸುತ್ತದೆ, ಕುದಿಸುವುದಿಲ್ಲ. ಬರಣಿಯ ಬಾಯಿ ಮುಚ್ಚಿರುವುದರಿಂದ ಪರಿಮಳ ಒಳಗೇ ಉಳಿಯುತ್ತದೆ. ಹೊರಗಿನ ನೀರು ತಾಗಿದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ನೊರೆ ಬಂದರೆ, ಹುಳಿ ವಾಸನೆ ಹೊಡೆದರೆ, ಮೇಲೆ ಬೂಸ್ಟು ಕಂಡರೆ ಅದನ್ನು ಚೆಲ್ಲಿಬಿಡಿ, ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ಉಳಿತಾಯ ಬೇಡ.

ಬಣ್ಣದ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಮನೆಯ ಗುಲ್ಕಂದ ಅಂಗಡಿಯಲ್ಲಿ ಕಾಣುವಂತೆ ಕೆಂಪಗೆ ಹೊಳೆಯುವುದಿಲ್ಲ. ಎಸಳಿನ ಕೆಂಪು ಬಿಸಿಲಿಗೆ ಮಂಕಾಗಿ, ವಾರಗಳು ಕಳೆದಂತೆ ಕಂದು ಬಣ್ಣಕ್ಕೆ ಬರುತ್ತದೆ. ಅದು ಕೆಟ್ಟದ್ದಲ್ಲ, ಅದೇ ನಿಜವಾದ ಬಣ್ಣ. ಕಣ್ಣು ಕುಕ್ಕುವ ಗುಲಾಬಿ ಬಣ್ಣ ಕಂಡರೆ ಅನುಮಾನ ಪಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಯಲ್ಲಿ, ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣವೂ ಸಿಕ್ಕಿತ್ತು. ಜಾತ್ರೆಯಲ್ಲಿ ಮಕ್ಕಳು ಆಸೆಪಟ್ಟು ಕೊಳ್ಳುವ ಗುಲಾಬಿ ಬಣ್ಣದ ಹಿಂದೆ ಗುಲಾಬಿಯೇ ಇರುವುದಿಲ್ಲ. ನಿಜವಾದ ಹೂವಿನ ರುಚಿ ಏನೆಂದು ಮಕ್ಕಳ ನಾಲಿಗೆಗೆ ಮನೆಯಲ್ಲೇ ಪರಿಚಯ ಮಾಡಿಸಿದರೆ, ಬಣ್ಣಕ್ಕೆ ಮರುಳಾಗುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಗುಲ್ಕಂದ ಸಿದ್ಧವಾದ ಮೇಲೆ ಕಮಲಾಪುರಕ್ಕೆ ಹೋಗೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರ. ಈಗ ಅದು ತಾಲ್ಲೂಕು ಕೇಂದ್ರ. ಜಿಲ್ಲೆಯ ಬಹುಭಾಗ ತೊಗರಿ, ಜೋಳ ಬೆಳೆಯುವ ಎರೆಭೂಮಿ. ಕಮಲಾಪುರದ ಹತ್ತಿರ ಬಂದಾಗ ನೆಲದ ಬಣ್ಣ ಕೆಂಪಾಗುತ್ತದೆ. ಕಮಲಾಪುರ, ರಾಜನಾಳ, ನಾವನಿಹಾಳ ಸುತ್ತಿನ ತಗ್ಗಿನ ತೋಟಗಳಲ್ಲಿ ಬೆಳೆಯುವ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇದು ಬಡವರ ತೋಟಕ್ಕೆ ಸುಲಭಕ್ಕೆ ದಕ್ಕುವ ಬೆಳೆಯಲ್ಲ. ನಾಟಿ ಮಾಡಿದ ಮೇಲೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು. ಕೊಟ್ಟಿಗೆ ಗೊಬ್ಬರ, ನೀರು, ಆಳು ಎಲ್ಲವೂ ಹೆಚ್ಚು ಕೇಳುತ್ತದೆ. ಅದಕ್ಕೇ ಹಣ್ಣಿನ ಬೆಲೆಯೂ ಹೆಚ್ಚು. ಸಿಪ್ಪೆ ದಪ್ಪ, ಬಣ್ಣ ಕಡುಗೆಂಪು. ಒಳಗಿನ ತಿರುಳು ಕೆನೆಯ ಬಣ್ಣದ್ದು, ನಯವಾದದ್ದು, ತನ್ನದೇ ಕಂಪು ಇರುವಂಥದ್ದು.

ಈ ಹಣ್ಣು ಮತ್ತು ಗುಲ್ಕಂದ ಸೇರಿದರೆ ಆಗುವ ಶೀಕರಣಿಯನ್ನು ನೀವೊಮ್ಮೆ ಮಾಡಿ ನೋಡಬೇಕು. ಚೆನ್ನಾಗಿ ಮಾಗಿದ ಎರಡು ಕೆಂಪು ಬಾಳೆಹಣ್ಣು ತೆಗೆದುಕೊಳ್ಳಿ. ಸಿಪ್ಪೆಯ ಹೊಳಪು ಹೋಗಿ, ಒತ್ತಿದರೆ ಬೆರಳು ತಗ್ಗುವಷ್ಟು ಮೆತ್ತಗಾಗಿರಬೇಕು. ಅರೆಮಾಗಿದ ಹಣ್ಣಿಗೆ ಒಗರು ಉಳಿದಿರುತ್ತದೆ. ಮಿಕ್ಸಿ ಬೇಡ, ಕೈಯಿಂದಲೇ ಹಿಚುಕಿ. ಸಣ್ಣ ಸಣ್ಣ ಗಂಟು ಉಳಿದರೇ ಚೆಂದ. ಕಾಯಿಸಿ ಪೂರ್ತಿ ಆರಿಸಿದ ಒಂದು ಬಟ್ಟಲು ಹಾಲು, ಎರಡು ಚಮಚ ಗುಲ್ಕಂದ, ಒಂದು ಹಿಡಿ ಹಸಿ ಕೊಬ್ಬರಿ ತುರಿ, ಚೂರು ಏಲಕ್ಕಿ. ಸಕ್ಕರೆ ಹಾಕಬೇಡಿ, ಹಣ್ಣು ಮತ್ತು ಗುಲ್ಕಂದದ ಸಿಹಿಯೇ ಧಾರಾಳ. ಬೆರೆಸಿ ಅರ್ಧ ಗಂಟೆ ತಂಪಿನಲ್ಲಿಟ್ಟು ಪೂರಿಯ ಜೊತೆ, ಬಿಸಿ ಹೋಳಿಗೆಯ ಜೊತೆ ಬಡಿಸಿ. ಬೇಸಿಗೆಯ ಮಧ್ಯಾಹ್ನಕ್ಕೆ ಇದಕ್ಕಿಂತ ತಂಪಾದ ಸಿಹಿ ನನಗೆ ಗೊತ್ತಿಲ್ಲ. ಮಾಡಿದ ಹೊತ್ತಿನಲ್ಲೇ ತಿಂದು ಮುಗಿಸಬೇಕು. ಬಾಳೆಹಣ್ಣು ಬೇಗ ಕಪ್ಪಾಗುತ್ತದೆ.

ಬಾಳೆಯ ಮಾತು ಬಂದಾಗ ಬಾಳೆಯ ಹೂವನ್ನು ಮರೆಯುವುದು ಸರಿಯಲ್ಲ. ಗೊನೆಯ ಕೊನೆಯ ಚಿಪ್ಪು ಮೂಡಿದ ಮೇಲೆ ತುದಿಯಲ್ಲಿ ತೂಗುವ ನೇರಳೆ ಬಣ್ಣದ ಹೂವನ್ನು ರೈತರು ಕತ್ತರಿಸುತ್ತಾರೆ. ಕಾಯಿ ದಪ್ಪವಾಗಲು ಅದು ನೆರವು. ಆ ಹೂವಿನಿಂದ ಪಲ್ಯ, ವಡೆ ಆಗುತ್ತದೆ. ಒಗರು ಹೆಚ್ಚಾದ್ದರಿಂದ ಸಿಹಿಗೆ ಒಗ್ಗುವುದಿಲ್ಲ. ಆದರೆ ನೇರಳೆ ಪೊರೆಯನ್ನು ಎತ್ತಿದರೆ ಸಾಲಾಗಿ ಕುಳಿತ ಎಳೆಹೂವುಗಳ ಬುಡದಲ್ಲಿ ಹನಿ ಹನಿ ಮಕರಂದ ಇರುತ್ತದೆ. ತೋಟದಲ್ಲಿ ಬೆಳೆದ ಮಕ್ಕಳಿಗೆ ಅದನ್ನು ಹೀರುವುದು ಗೊತ್ತು. ಹೂವಿನ ಸಿಹಿಯಲ್ಲಿ ಅದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ.

ಗುಲ್ಕಂದದಿಂದ ಪಂಚಮಿ ಉಂಡಿಯನ್ನೂ ಕಟ್ಟಬಹುದು. ನಾಗರ ಪಂಚಮಿಗೆ ನಮ್ಮಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ ಇಲ್ಲದ ಮನೆಯಿಲ್ಲ. ಎರಡು ಬಟ್ಟಲು ಒಣಕೊಬ್ಬರಿ ತುರಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಣ್ಣ ತಿರುಗುವ ಮುನ್ನ ಇಳಿಸಿ. ಪೂರ್ತಿ ಆರಿದ ಮೇಲೆ ಅರ್ಧ ಬಟ್ಟಲು ಪುಟಾಣಿ ಹಿಟ್ಟು, ಹುರಿದ ಗಸಗಸೆ, ಮುಕ್ಕಾಲು ಬಟ್ಟಲು ಗುಲ್ಕಂದ ಸೇರಿಸಿ ಕಲಸಿ. ಉಂಡಿ ಕಟ್ಟಲು ಬರದಿದ್ದರೆ ಒಂದು ಚಮಚ ತುಪ್ಪ. ಬಿಸಿ ಇರುವಾಗ ಗುಲ್ಕಂದ ಹಾಕಿದರೆ ಅದು ನೀರೊಡೆದು ಉಂಡಿ ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ಗುಲ್ಕಂದವನ್ನು ಕರಿಗಡುಬಿನ ಹೂರಣವಾಗಿ ತುಂಬಿ ಎಣ್ಣೆಗೆ ಬಿಡಬೇಡಿ. ಅದು ಕರಗಿ, ಕಡುಬು ಒಡೆದು, ಎಣ್ಣೆ ಸಿಡಿಯುತ್ತದೆ.

ಬಿಸಿ ಸಿಹಿಗಳಿಗೆ ಗುಲಾಬಿ ನೀರು ಸರಿಯಾದದ್ದು. ಮನೆಯಲ್ಲೇ ತೆಗೆಯಬಹುದು. ಅಗಲವಾದ ಪಾತ್ರೆಯ ನಡುವೆ ಒಂದು ಸಣ್ಣ ಕಾಲುಮಣೆ ಇಟ್ಟು ಅದರ ಮೇಲೊಂದು ಬಟ್ಟಲು ಇಡಿ. ಸುತ್ತ ಎಸಳು ಹಾಕಿ, ಮುಳುಗುವಷ್ಟು ನೀರು ಹಾಕಿ. ಮುಚ್ಚಳವನ್ನು ಬೋರಲಾಗಿ ಮುಚ್ಚಿ, ಅದರ ತಗ್ಗಿನಲ್ಲಿ ತಣ್ಣೀರು ಇಲ್ಲವೆ ಐಸ್ ಹಾಕಿ. ಸಣ್ಣ ಉರಿಯಲ್ಲಿ ಏಳುವ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ, ನಡುವಿನ ಬಟ್ಟಲಿಗೆ ಬೀಳುತ್ತದೆ. ಅರ್ಧ ಗಂಟೆಯೊಳಗೆ ಇಳಿಸಬೇಕು, ಕೆಳಗಿನ ನೀರು ಬತ್ತಿದರೆ ಸೀದ ವಾಸನೆ ಬರುತ್ತದೆ. ಕನೌಜಿನ ಅತ್ತರಿನವರು ತಾಮ್ರದ ದೊಡ್ಡ ಹಂಡೆಗಳಲ್ಲಿ ಮಾಡುವ ಕೆಲಸದ ಸಣ್ಣ ರೂಪ ಇದು. ಗುಲಾಬಿಯ ಪರಿಮಳದ ಒಂದು ಮುಖ್ಯ ಅಂಶ ನೀರಿನಲ್ಲಿ ಚೆನ್ನಾಗಿ ಕರಗುವಂಥದ್ದು. ಅದಕ್ಕೇ ಎಣ್ಣೆಯಿಲ್ಲದೆ ಬರಿ ನೀರೂ ಅಷ್ಟು ಘಮಘಮಿಸುತ್ತದೆ. ಶಾವಿಗೆ ಪಾಯಸ, ಖೀರು, ಸಜ್ಜಕ ಯಾವುದೇ ಇರಲಿ, ಒಲೆಯಿಂದ ಇಳಿಸಿ ಕೈಗೆ ತಾಳುವಷ್ಟು ಆರಿದ ಮೇಲೆ ಒಂದೆರಡು ಚಮಚ ಹಾಕಿ ಮುಚ್ಚಿಡಿ. ಬಡಿಸುವಾಗ ಮುಚ್ಚಳ ತೆಗೆಯಿರಿ.

ಮಲ್ಲಿಗೆಯ ಸಕ್ಕರೆಗೆ ಬಟ್ಟಿ ಇಳಿಸುವ ಕೆಲಸವೂ ಬೇಡ. ದುಂಡುಮಲ್ಲಿಗೆಯ ಮೊಗ್ಗು ಅರಳುವುದು ರಾತ್ರಿ, ಆಗಲೇ ಅದರ ಕಂಪು ತುಂಬಿ ಬರುವುದು. ಸಂಜೆ ಬಿಡಿಸಿದ ಮೊಗ್ಗನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಸಕ್ಕರೆಯ ಡಬ್ಬಿಯೊಳಗಿಟ್ಟು ಮುಚ್ಚಿ. ಬೆಳಗ್ಗೆ ಹೂವು ತೆಗೆದುಬಿಡಿ. ಮರುಸಂಜೆ ಹೊಸ ಮೊಗ್ಗು. ಕೆಲವೇ ರಾತ್ರಿಗಳಲ್ಲಿ ಸಕ್ಕರೆ ಪರಿಮಳ ಹೀರಿಕೊಳ್ಳುತ್ತದೆ. ಚೀನಾದಲ್ಲಿ ಚಹಾದ ಎಲೆಗೆ ಮಲ್ಲಿಗೆಯ ಕಂಪು ಹಿಡಿಸುವುದೂ ಹೀಗೆಯೇ. ಈ ಸಕ್ಕರೆಯನ್ನು ಶ್ರೀಖಂಡಕ್ಕೆ, ನಿಂಬೆ ಪಾನಕಕ್ಕೆ ಹಾಕಿ. ದಾಸವಾಳದ್ದು ಬೇರೆ ಗುಣ: ಅದಕ್ಕೆ ಪರಿಮಳವಿಲ್ಲ, ಬಣ್ಣ ಮತ್ತು ತುಸು ಹುಳಿ ಇದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದಾಗ ನೀರು ಮಂಕಾಗಿ ಕಾಣುತ್ತದೆ. ನಾಲ್ಕು ಹನಿ ನಿಂಬೆರಸ ಬಿದ್ದೊಡನೆ ಕಣ್ಣೆದುರೇ ಕೆಂಪಗಾಗುತ್ತದೆ. ಮಕ್ಕಳಿಗೆ ತೋರಿಸಿ, ಆಮೇಲೆ ಬೆಲ್ಲ ಹಾಕಿ ಶರಬತ್ತು ಕೊಡಿ. ಕೇದಗೆಯ ವಿಷಯದಲ್ಲಿ ಒಡಿಶಾದ ಗಂಜಾಂ ಜಿಲ್ಲೆಗೆ ಸರಿಸಾಟಿಯಿಲ್ಲ. ನಾವು ಬಳಸುವ ಕೇವಡಾ ನೀರಿನ ತವರು ಅದೇ. ಆ ನೀರು ತೀಕ್ಷ್ಣ, ಅರ್ಧ ಚಮಚ ದಾಟಿದರೆ ಸಿಹಿ ಹೋಗಿ ಅತ್ತರ್ ಆಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ದಯವಿಟ್ಟು ಗಮನವಿಟ್ಟು ಕೇಳಿ. ಹೂವಿನಂಗಡಿಯ ಹೂವು ಮುಡಿಯಲು, ಏರಿಸಲು ಇರುವಂಥದ್ದು. ಅದನ್ನು ಬೆಳೆಯುವಾಗ ಹುಳಕ್ಕೆ, ರೋಗಕ್ಕೆ ಔಷಧಿ ಹೊಡೆದಿರುತ್ತಾರೆ. ತಿನ್ನುವ ಬೆಳೆಗೆ ಇರುವ ಕಟ್ಟುಪಾಡು ಅದಕ್ಕಿಲ್ಲ. ತೊಳೆದರೆ ಎಲ್ಲ ಹೋಗುತ್ತದೆ ಎನ್ನುವಂತಿಲ್ಲ. ಆದ್ದರಿಂದ ಹಾರದ ಗುಲಾಬಿಯಿಂದ ಗುಲ್ಕಂದ ಮಾಡಬೇಡಿ. ರಸ್ತೆಯ ಬದಿಯ ಹೂವೂ ಬೇಡ. ನಿಮ್ಮ ಕುಂಡದಲ್ಲಿ, ಅಂಗಳದಲ್ಲಿ ಔಷಧಿಯಿಲ್ಲದೆ ಬೆಳೆದದ್ದು, ಇಲ್ಲವೆ ತಿನ್ನಲೆಂದೇ ಬೆಳೆದ ರೈತರಿಂದ ಕೇಳಿ ತಂದದ್ದು ಮಾತ್ರ ಅಡುಗೆಮನೆಗೆ ಬರಲಿ.

ಎರಡನೆಯದು, ವಿಷದ ಹೂವುಗಳು. ಕಣಗಿಲೆ ಪೂಜೆಗೆ ಶ್ರೇಷ್ಠ, ಹೊಟ್ಟೆಗೆ ವಿಷ. ಅದರ ಹೂವು, ಎಲೆ, ಕಡ್ಡಿ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಳದಿ ಕಣಗಿಲೆಯೂ ಅಷ್ಟೇ. ದತ್ತೂರಿ, ಎಕ್ಕೆ, ಅಗ್ನಿಶಿಖೆ ಇವನ್ನೆಲ್ಲ ಅಡುಗೆಮನೆಯ ಹೊಸ್ತಿಲಿಗೂ ತರಬಾರದು. ದೇವರಿಗೆ ಏರಿಸುವ ಹೂವೆಲ್ಲ ತಿನ್ನಬಹುದಾದದ್ದು ಎಂದು ಮಕ್ಕಳು ತಿಳಿಯಬಾರದು. ಹೆಸರು ಖಚಿತವಾಗಿ ಗೊತ್ತಿರದ ಹೂವನ್ನು ಬಾಯಿಗಿಡಬಾರದು. ಮೂರನೆಯದು, ಗುಲ್ಕಂದದ ಅರ್ಧ ಇಲ್ಲವೆ ಅದಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ. ತಂಪು ಎಂಬ ಹೆಸರಿನಲ್ಲಿ ಮಧುಮೇಹ ಇದ್ದವರು ಚಮಚಗಟ್ಟಲೆ ತಿನ್ನುವಂತಿಲ್ಲ. ಹೂವಿನ ಪರಾಗ ಆಗದೆ ಸೀನು, ಉಬ್ಬಸ ಬರುವವರು ಮೊದಲ ಸಲ ಚೂರೇ ರುಚಿ ನೋಡಬೇಕು.

ಕಮಲಾಪುರದ ತೋಟಗಾರರಿಗೆ, ಕಲಬುರಗಿಯ ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಿಗೆ ನನ್ನದೊಂದು ಮಾತಿದೆ. ಕೆಂಪು ಬಾಳೆ ಒಂದೂವರೆ ವರ್ಷ ಕಾಯಿಸುವ ಬೆಳೆ. ಅದರ ಬದುವಿನ ಬಿಸಿಲಿರುವ ಕಡೆ ನಾಟಿ ಗುಲಾಬಿಯ ಸಾಲೊಂದನ್ನು ಔಷಧಿಯಿಲ್ಲದೆ ಬೆಳೆಸಿದರೆ, ಹೂವು ಕೊಡುವ ತಿಂಗಳುಗಳಲ್ಲಿ ಗುಲ್ಕಂದವಾಗಬಹುದು. ಬಾಳೆಹಣ್ಣು ಬೇಗ ಕೆಡುವಂಥದ್ದು, ಗುಲ್ಕಂದ ವರ್ಷ ಉಳಿಯುವಂಥದ್ದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಮಾಡಿ ಮಾರುವ ಕೈಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಮಾರಾಟಕ್ಕೆ ಇಳಿಯುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಸಣ್ಣ ಪ್ರಮಾಣದ ಮನೆ ಉದ್ಯೋಗಕ್ಕೂ ಅದು ಬೇಕು. ಬರಣಿಯ ಮೇಲೆ ಮಾಡಿದ ದಿನಾಂಕ, ಹಾಕಿದ ಸಾಮಾನು ಬರೆಯಿರಿ. ಬಣ್ಣ ಬೆರೆಸಬೇಡಿ. ಕಂದು ಬಣ್ಣದ ಗುಲ್ಕಂದವನ್ನು ಕೊಳ್ಳುವವರು ಮೊದಲು ಹಿಂಜರಿಯಬಹುದು. ಒಮ್ಮೆ ರುಚಿ ನೋಡಿದವರು ಮತ್ತೆ ಕೇಳಿಕೊಂಡು ಬರುತ್ತಾರೆ.

ಮನೆಯಲ್ಲಿ ಮಾಡುವವರಿಗೆ ನಾನು ಕೇಳುವುದು ಇಷ್ಟೇ. ಈ ಮಳೆಗಾಲದಲ್ಲಿ ಒಂದು ನಾಟಿ ಗುಲಾಬಿಯ ಕಡ್ಡಿ ತಂದು ನೆಡಿ. ಕೊಟ್ಟಿಗೆ ಗೊಬ್ಬರ ಹಾಕಿ, ಹುಳ ಬಂದರೆ ಕೈಯಿಂದ ತೆಗೆಯಿರಿ, ಬೇವಿನ ಎಲೆಯ ಕಷಾಯ ಸಿಂಪಡಿಸಿ. ಚಳಿಗಾಲ ಕಳೆದು ಅದು ಹೂವು ಬಿಡುವ ಹೊತ್ತಿಗೆ ನಮ್ಮ ಬಿಸಿಲೂ ಏರಿರುತ್ತದೆ. ಒಂದೇ ಗಿಡದ ಹೂವು ಒಮ್ಮೆಗೆ ಸಾಲದಿದ್ದರೆ, ಅರಳಿದ ಹಾಗೆ ಎಸಳು ಸಕ್ಕರೆ ಸೇರಿಸುತ್ತ ಅದೇ ಬರಣಿಯನ್ನು ತುಂಬುತ್ತ ಹೋಗಿ. ನೆರೆಯವರಿಗೂ ಒಂದು ಕಡ್ಡಿ ಕೊಡಿ. ಮುಂದಿನ ಯುಗಾದಿಗೆ ನಿಮ್ಮ ಮನೆಯ ಬೇವು ಪಕ್ಕದ ಮನೆಗೆ ಹೋಗುವಾಗ ಜೊತೆಗೊಂದು ಬಟ್ಟಲು ಗುಲ್ಕಂದವೂ ಹೋಗಲಿ.